ಎಣ್ಣೆ ತೂತಿನ ಗಂಧ

ಅಪ್ಪಾ,

ನಿನ್ನ ಎದೆಗೆ ಬಡಿದು ನಿನ್ನನ್ನು ಕೊಂದ ಆ ಲೇತಿನ ಚಕ್ಕು, ಕಬ್ಬಿಣ ಕಚ್ಚಿ ಹಿಡಿದು ತಿರುಗುವ ಆ ದಪ್ಪ ಗಾಲಿ, ನಿನ್ನೆ ರಾತ್ರಿ ಕನಸಿನಲ್ಲಿ ನಮ್ಮ ಈ ತೇನಿ ಕಡೆಯ ಗೂಡಲೂರಿನ ಬೀದಿಬೀದಿ ಉರುಳುತ್ತಾ ನಮ್ಮ ಮನೆಯನ್ನೇ ಹುಡುಕುತ್ತಿತ್ತು. ಬೆಳಿಗ್ಗೆ ತಮ್ಮ ಶಿವಬಾಲನ್‌ಗೆ ಹೇಳಿದೆ, ಚಕ್ಕು ತಿರುಗಿಸುವ ಸ್ಪಿಂಡಲ್ ಮುಲುಗುತ್ತಿದೆ, ಮುಟ್ಟಿದರೆ ಸುಡುತ್ತದೆ, ಇವತ್ತು ಓಡಿಸಬೇಡ ಎಂದು.

“ನಿನ್ ಕಿವಿಗೆ ಮಿಕ್ಸಿ ಸದ್ದೂ ಸಾವಿನ ಸದ್ದೇ ಅಕ್ಕಾ. ಈಗ್ತಾನೆ ಎಣ್ಣೆ ಬಿಟ್ಟಿವ್ನಿ, ಸುಮ್ನಿರು” ಎಂದು ನಕ್ಕ.

ದ್ರಾಕ್ಷಿ ತೋಟದ ಮೋಟಾರಿನ ಶಾಫ್ಟ್ ಕಡೆಯುತ್ತಿದ್ದಾಗ ಸ್ಪಿಂಡಲ್ ಹಂದಿ ಕೊಯ್ದ ಹಾಗೆ ಕಿರುಚಿ ಒಮ್ಮೆಲೇ ನಿಂತಿತು. ಚಕ್ಕು ನಿಲ್ಲಲಿಲ್ಲ. ತಿರುಪು ಬಿಚ್ಚಿಕೊಂಡು ಹಾರಿ, ಅವನ ಮೊಣಕೈ ಒಡೆದು, ಗೋಡೆಯ ತಗಡನ್ನು ಹರಿದುಕೊಂಡು ಹೋಯಿತು. ಮೂಳೆ ಹೊರಗೆ ಬಂದಿತ್ತು. “ಅಕ್ಕಾ, ಕೈ ಐತಾ? ನೋಡಕ್ಕಾ, ಐತಾ?” ಎಂದು ಅರಚಿದ. ಐತೆ ಅಂದೆ. ಉಳಿಯುತ್ತದೋ ಇಲ್ಲವೋ, ತೇನಿ ಆಸ್ಪತ್ರೆಯವರು ನಾಳೆ ಹೇಳುತ್ತಾರಂತೆ.

ಹಿಂದಿರುಗಿದವಳೇ ಸುತ್ತಿಗೆ ಎತ್ತಿ ಆ ಲೇತನ್ನು ಬಡಿದೆ. ಸಾಯಲಿ ಅಂತಲೇ ಬಡಿದೆ. ಬೇರಿಂಗಿನ ಮೇಲಿನ ಎಣ್ಣೆ ತೂತಿನಿಂದ ಒಂದು ಬಿರಡೆ ಉದುರಿತು. ಗಂಧ ಅಪ್ಪಾ. ಆಯುಧ ಪೂಜೆಯಲ್ಲಿ ಇಟ್ಟ ಬೊಟ್ಟುಗಳೆಲ್ಲ ಪದರದ ಮೇಲೆ ಪದರ ಕೂತು ಕಲ್ಲಾಗಿದ್ದವು. ಬಿಟ್ಟ ಎಣ್ಣೆಯೆಲ್ಲ ಹೊರಗೇ ಸೋರಿದೆ. ನೀನು ಹೋದಾಗ ಬೇರಿಂಗ್ ಹಳೆಯದು ಎಂದು ಬದಲಿಸಿದೆವು. ತೂತಿನೊಳಗೆ ಯಾರೂ ನೋಡಲಿಲ್ಲ.

ಬೊಟ್ಟು ಇಡುವುದು ಚಿಕ್ಕಂದಿನಿಂದ ನನ್ನ ಕೆಲಸ. ಪೂಜೆಯ ಮರುದಿನ ಕಡ್ಡಿ ಹಾಕಿ ತೂತು ಕೆದಕುವುದು ನಿನ್ನ ಕೆಲಸ. ನೀನು ಹೋದ ಮೇಲೂ ನಾನು ಬೊಟ್ಟು ಇಡುತ್ತಲೇ ಬಂದೆ, ಕೆದಕಲು ಯಾರಿಗೂ ತೋಚಲಿಲ್ಲ. ನಿನ್ನ ಕೊನೆಯ ವರ್ಷವೂ ಕೆದಕಿದ್ದೆಯಲ್ಲ ಅಪ್ಪಾ? ಇನ್ನೊಂದು ಸಲ ನೆನಪು ಮಾಡಿ ನೋಡು.