ತಿಮಿಂಗಿಲದ ಮೂರೂ ಪುಸ್ತಕ

ಜುಲೈ ೧೪, ಭಾನುವಾರ

ಪ್ರೀತಿಯ ಗುಬ್ಬೀ,

ನಿನ್ನ ಕಾಗದ ಬಂದು ಎಷ್ಟು ದಿನವಾಯಿತೋ, ಉತ್ತರ ಬರೆಯಲಿಲ್ಲವೆಂದು ಬೈದುಕೊಳ್ಳಬೇಡ. ಕ್ಷೇಮ ತಾನೆ? ಮಂಡಿನೋವು ಹೇಗಿದೆ? ಕಡಿಮೆಯಾಯಿತೆಂದು ದಡದಡ ಮೆಟ್ಟಿಲು ಇಳಿಯಬೇಡ ಮಾರಾಯ್ತಿ, ಬಿದ್ದರೆ ನೋಡುವವರು ಯಾರು? ನಾನು ಅದೇ ಲಾಂಡ್ರಿಯಲ್ಲಿ ಹೋಟೆಲುಗಳ ಬೆಡ್‌ಶೀಟ್ ಮಡಚುತ್ತಾ ಇದ್ದೇನೆ. ಬರೆಯಲು ಕೂತರೆ ಪೆನ್ನಿನಿಂದ ಬರೀ ವಿಷವೇ ಇಳಿಯುತ್ತಿತ್ತು, ಅದಕ್ಕೇ ತಡವಾಯಿತು. ಈಗ ಹೊಟ್ಟೆ ತಣ್ಣಗಾಗಿದೆ. ಯಾಕೆಂದು ಕೇಳು.

ಮಗಳ ಶಾಲೆಯ ಲೈಬ್ರರಿ ಈಗ ಫೋನಿಗೆ ಬಂದಿದೆ. ಪುಸ್ತಕವಲ್ಲ, ಪುಸ್ತಕಗಳ ಪಟ್ಟಿ, ಕ್ಯಾಟಲಾಗ್ ಎನ್ನುತ್ತಾರೆ. ಅಪ್ಪ ಅಮ್ಮ ಮನೆಯಲ್ಲೇ ಹುಡುಕಿ, ಮಗುವಿಗೆ ಒಗ್ಗುವ ಪುಸ್ತಕಕ್ಕೆ 'ಕಾಯ್ದಿರಿಸಿ' ಎಂದು ಒತ್ತಿದರೆ ಅದನ್ನು ತೆಗೆದಿಡುತ್ತಾರೆ. ಪೋಷಕರ ಸಭೆಯಲ್ಲಿ ಲೈಬ್ರರಿ ಮೇಡಂ ಇದನ್ನು ಹೇಳಿದರು. ಮಗಳು ಓದುವುದರಲ್ಲಿ ಹಿಂದೆ. ನಾನೋ ಏಳನೇ ಕ್ಲಾಸಿಗೇ ನಿನ್ನ ಪಕ್ಕದ ಜಾಗ ಖಾಲಿ ಮಾಡಿ ಹೋದವಳು. ಆದರೂ ಧೈರ್ಯ ಮಾಡಿ ಕೈ ಎತ್ತಿದೆ. "ಅದನ್ನ ತೆರೆಯೋದು ಹೇಗೆ ಮೇಡಂ? ತಪ್ಪು ಒತ್ತಿದ್ರೆ ಲೈಬ್ರರೀನೇ ಅಳಿಸಿಹೋಗಲ್ವಾ?"

ಮೇಡಂ ಬಾಯಿ ತೆರೆಯುವ ಮೊದಲೇ ನನ್ನ ವಾರಗಿತ್ತಿ ಎದ್ದಳು. ಅವಳ ಮಗನೂ ಅದೇ ಕ್ಲಾಸು. "ಅಕ್ಕಾ, ನಿಮಗ್ಯಾಕೆ ಈ ಉಸಾಬರಿ? ನೀವು ಹಾಯಾಗಿ ಬೆಡ್‌ಶೀಟ್ ಮಡಚಿ. ನಿಮ್ಮ ಮಗಳಿಗೆ ಪುಸ್ತಕ ನಾನು ಹುಡುಕಿ ಕೊಡ್ತೀನಿ ಬಿಡಿ."

ಸಭೆಗೆ ಸಭೆಯೇ ನಕ್ಕಿತು. ಮಗಳು ಪಕ್ಕದಲ್ಲೇ ಇದ್ದಳು. ಅವಳ ಕಣ್ಣೆದುರು ಹೋದ ಮಾನವನ್ನು ಅವಳ ಕಣ್ಣೆದುರೇ ವಾಪಸು ತರಬೇಕೆಂದು ಅಲ್ಲೇ ಹಲ್ಲು ಕಚ್ಚಿಕೊಂಡೆ.

ಲೈಬ್ರರಿ ಮೇಡಂ ಒಳ್ಳೆಯವರು. ಒಂದು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು, "ಒತ್ತಿ ಅಮ್ಮಾ, ಅದೇನು ಕಚ್ಚಲ್ಲ" ಎಂದು ತೋರಿಸಿದರು. ಊಟದ ಬಿಡುವಿನಲ್ಲಿ ಇಸ್ತ್ರಿ ಯಂತ್ರದ ಹಿಂದೆ ಕೂತು ಅಭ್ಯಾಸ ಮಾಡಿದೆ. ಮೊದಲ ಸಲ ಏನು ಒತ್ತಿದೆನೋ, ಮಗಳ ಬ್ಯಾಗಿನಲ್ಲಿ ಹತ್ತನೇ ಕ್ಲಾಸಿನ ರಸಾಯನಶಾಸ್ತ್ರ ಮನೆಗೆ ಬಂತು. ಬಾಂಬ್ ಬಂದ ಹಾಗೆ ಹೆದರಿ ಬೆಳಗಾಗುತ್ತಲೇ ಹಿಂದಿರುಗಿಸಿದೆ. ಆಮೇಲೆ ಕೈ ಪಳಗಿತು.

ಅಷ್ಟರಲ್ಲಿ ಶಾಲೆಯಲ್ಲಿ 'ಓದಿನ ದಿನ' ಬಂತು. ಮಗು ಲೈಬ್ರರಿಯ ಪುಸ್ತಕವನ್ನು ಕೈಯಲ್ಲಿ ಹಿಡಿದೇ ವೇದಿಕೆಯಲ್ಲಿ ಮಾತಾಡಬೇಕು, ಅದು ನಿಯಮ. ತನ್ನ ಮಗ ತಿಮಿಂಗಿಲದ ಬಗ್ಗೆ ಮಾತಾಡುತ್ತಾನೆಂದು ವಾರಗಿತ್ತಿ ಊರಿಗೆಲ್ಲ ಡಂಗುರ ಹೊಡೆದಳು. ನನಗೆ ಅಷ್ಟೇ ಬೇಕಿತ್ತು. ಹುಡುಕಿದರೆ ತಿಮಿಂಗಿಲದ ಪುಸ್ತಕ ಇದ್ದದ್ದೇ ಮೂರು. ಮೂರನ್ನೂ ಮಗಳ ಹೆಸರಿಗೆ ಕಾಯ್ದಿರಿಸಿದೆ. ಒಂದು ಮಗುವಿಗೆ ಒಮ್ಮೆಗೆ ಮೂರೇ ಪುಸ್ತಕ ಕೊಡುವುದು. "ಅಮ್ಮಾ, ನಂಗೆ ಮೊಲದ ಕಥೆ ಬೇಕಿತ್ತು" ಎಂದಳು ಮಗಳು. ಸುಮ್ಮನಿರು ಎಂದು ಗದರಿಸಿ, ಕೊಳೆಯಾಗದಂತೆ ಒಗೆದ ಬಟ್ಟೆಯಲ್ಲಿ ಸುತ್ತಿ ಮೂರನ್ನೂ ಕಪಾಟಿನ ಮೇಲಿಟ್ಟೆ. ಮೇಡಂಗೆ ಗೊತ್ತಾದರೆ ಏನು ಗತಿ ಎಂದು ದಿನಾ ಕಪಾಟಿನ ಕಡೆ ನೋಡುತ್ತಿದ್ದೆ. ಆದರೂ ಪುಸ್ತಕ ಕೆಳಗಿಳಿಸಲಿಲ್ಲ.

ಕೊನೆಗೆ ಪುಸ್ತಕ ಯಾರ ಹತ್ತಿರ ಇವೆ ಎಂದು ಪತ್ತೆ ಹಚ್ಚಿ ವಾರಗಿತ್ತಿಯೇ ನಮ್ಮ ಬಾಗಿಲಿಗೆ ಬಂದಳು! "ಅಕ್ಕಾ, ತಿಮಿಂಗಿಲದ್ದು ಒಂದಾದ್ರೂ ಕೊಡಿ. ನಾಡಿದ್ದೇ ಕಾರ್ಯಕ್ರಮ."

ಕುರ್ಚಿ ಹಾಕಿದೆ, ನೀರು ಕೊಟ್ಟೆ. "ಅಯ್ಯೋ, ನಾವಿನ್ನೂ ಓದ್ತಾ ಇದ್ದೀವಲ್ಲ ತಂಗಿ. ಕ್ಯಾಟಲಾಗ್‌ನಲ್ಲಿ ಸರದಿಗೆ ಹೆಸರು ಹಾಕ್ಕೊಳ್ಳಿ. ಒತ್ತೋದು ಗೊತ್ತಾಗದಿದ್ರೆ ಹೇಳಿ, ನಾನು ತೋರಿಸ್ತೀನಿ."

ಅವಳ ಮುಖ ಇಸ್ತ್ರಿ ಯಂತ್ರದಡಿ ಹೋಗಿ ಬಂದ ಹಾಗೆ ಚಪ್ಪಟೆಯಾಯಿತು. ಮಗಳು ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು.

ಓದಿನ ದಿನ ಅವಳ ಮಗ ಕೈಗೆ ಸಿಕ್ಕ ಹಲ್ಲಿನ ಆರೋಗ್ಯದ ಪುಸ್ತಕ ಹಿಡಿದು ವೇದಿಕೆ ಹತ್ತಿದ. ತಿಮಿಂಗಿಲದಿಂದ ಶುರು ಮಾಡಿ, ತೊದಲಿ, ಹಲ್ಲುಜ್ಜುವುದರಲ್ಲಿ ಮುಗಿಸಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ. ಮಗು ಪಾಪ ಎನ್ನಬೇಡ. ಆಮೇಲೆ ನನಗೂ ಅನ್ನಿಸಿತು, ಆದರೆ ಆಗ ಅನ್ನಿಸಲಿಲ್ಲ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ಚೆನ್ನಾಗಿ ಓದಲಿ, ನಮ್ಮಂಥವರ ಹೊಟ್ಟೆಕಿಚ್ಚು ಅವಕ್ಕೆ ತಾಗದಿರಲಿ. ಮಂಡಿ ಜೋಪಾನ.

ನಿನ್ನ,
ಪುಕ್ಕಲಿ

ಇನ್ನೊಂದು ಮಾತು. ಸಭೆಗೆ ಸಭೆಯೇ ನಕ್ಕಿತು ಎಂದೆನಲ್ಲ, ಮೊದಲು ನಕ್ಕವಳು ನನ್ನ ಮಗಳು. ಬಾಯಿಗೆ ಕೈ ಅಡ್ಡ ಹಿಡಿದು, ತನ್ನ ಚಿಕ್ಕಮ್ಮನ ಕಡೆ ನೋಡುತ್ತಾ. ವಾರಗಿತ್ತಿಯ ಮೇಲಿನ ಸೇಡು ತೀರಿತು. ಇವಳ ಮೇಲಿನದನ್ನು ಎಲ್ಲಿ ತೀರಿಸಿಕೊಳ್ಳಲಿ ಗುಬ್ಬೀ? ನಿನ್ನೆ ಆ ಮೊಲದ ಪುಸ್ತಕ ಹುಡುಕಿದೆ. ಬೇರೆ ಯಾರೋ ಒಯ್ದಿದ್ದಾರೆ. ಸರದಿಯಲ್ಲಿ ನಿಂತಿದ್ದೇನೆ.