ಶಾಂತವಾದ ಬಡಾವಣೆ

ಪ್ರೀತಿಯ ಬೃಂದಾ,

ರೂಢಿಯಂತೆ ಹೆಸರಿಗೆ ಮೊದಲು ‘ಚಿರಂಜೀವಿ’ ಎಂದು ಬರೆಯಹೊರಟೆ, ಕೈ ತಡೆಯಿತು.

ಬಾಗೂರಿನ ನನ್ನ ಶಿಷ್ಯೆ ಮೋನಿಕಾಳಿಗೆ ಚಿತ್ರದುರ್ಗದಲ್ಲಿ ಕೆಲಸ ಸಿಕ್ಕಿದೆ. ನಿನ್ನಂತೆಯೇ ಒಬ್ಬಳೇ ಇರಬೇಕಾದವಳು. ಇಂದು ಬೆಳಿಗ್ಗೆ ಅವಳೊಂದಿಗೆ ಬಾಡಿಗೆ ಮನೆ ನೋಡಲು ಹೋಗಿದ್ದೆ. ಊರಾಚೆಯ ಹೊಸ ಬಡಾವಣೆ, ಅಚ್ಚುಕಟ್ಟಾದ ಮನೆ.

“ಬಾಳ ಶಾಂತ ಐತ್ರಿ ಮೇಷ್ಟ್ರೇ, ಒಂದು ನರಪಿಳ್ಳೆ ಸುಳಿಯಲ್ಲ” ಎಂದರು ಮನೆಯ ಯಜಮಾನಿ ಜಯಕ್ಕ.

ಓದಿಗೆ ಶಾಂತಿ ಬೇಕೆಂದು ನಿನಗೂ ನಾನು ಇಂಥದೇ ಮನೆ ಆರಿಸಿದ್ದೆ. “ನೀವು ಹೇಳಿದ್ಮೇಲೆ ಇನ್ನೇನು ನೋಡೋದೈತೆ ಸಾರ್” ಎಂದು ನೀನು ಒಳಗೂ ಹೋಗದೆ ಒಪ್ಪಿದ್ದೆ. ಅಂಗಳದಲ್ಲಿ ಹಾವು ಕಚ್ಚಿದಾಗ, ಪ್ರಾಣ ಹೋಗುವ ಮುನ್ನ ಎಷ್ಟು ಹೊತ್ತು ಕೂಗಿದೆಯೋ. ಸುತ್ತಲೂ ಖಾಲಿ ಸೈಟುಗಳಷ್ಟೇ ಇದ್ದವು.

ಜಯಕ್ಕನವರಿಗೆ ಕೈಮುಗಿದು, ಮೋನಿಕಾಳನ್ನು ಬಸ್ ನಿಲ್ದಾಣದ ಹಿಂದಿನ ಓಣಿಗೆ ಕರೆತಂದೆ. ಅಲ್ಲಿ ಹಿಟ್ಟಿನ ಗಿರಣಿಯ ಸದ್ದು, ನಲ್ಲಿಯ ಬಳಿ ಜಗಳ.

“ಈ ಗದ್ಲದಾಗೆ ನಿದ್ದೆ ಬರ್ತೈತಾ ಸಾರ್?” ಎಂದು ಅವಳು ನಕ್ಕಳು.

“ಬರದಿದ್ರೂ ಚಿಂತಿಲ್ಲ ಕಣಮ್ಮ. ಮನೆ ಆಮೇಲೆ ನೋಡಾಣ. ಮೊದ್ಲು ಅಕ್ಕಪಕ್ಕದೋರ ಬಾಗ್ಲು ಬಡಿಯಾಣ, ಬಾ” ಎಂದೆ.