ಲುಸುಂಗು ಬರೆಯುತ್ತಿದ್ದ ಕಾರಣ

ಜೊಂಬಾ,
ಆಗಸ್ಟ್ ೧೧

ಪ್ರೀತಿಯ ವೆರೋನಿಕಾ,

ನೀನು, ನಿನ್ನ ತಂಗಿ, ಅವಳ ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಮ್ಜೂಜುವಿನಲ್ಲಿ ಚಳಿ ಜೋರಂತೆ. ನಿನ್ನ ಎದೆಗೆ ಅದು ಆಗಿಬರುವುದಿಲ್ಲ, ಹೊದ್ದುಕೊಂಡಿರು. ಇಷ್ಟು ದಿನ ಕಾಗದ ಹಾಕಲಿಲ್ಲವೆಂದು ನನ್ನನ್ನು ಬೈದುಕೊಂಡಿರುತ್ತೀಯ. ಮೊಣಕಾಲು ನೋವಿತ್ತು ಎನ್ನಬಹುದು, ಆದರೆ ಮೊಣಕಾಲಿನಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನೀನು ಕೇಳಿಯೇ ಕೇಳುತ್ತೀಯ. ನಿಜ ಹೇಳಬೇಕೆಂದರೆ, ಬರೆಯಲು ಕೂತು ಕೂತು ಎದ್ದೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ.

ಮೊದಲು ಬರೀ ಸುದ್ದಿ ಹೇಳಿಬಿಡುತ್ತೇನೆ. ನಮ್ಮ ಶನಿವಾರದ ಬರಹಗಾರರ ಕೂಟ ಇನ್ನೂ ಉಸಿರಾಡುತ್ತಿದೆ. ಗ್ರಂಥಾಲಯದ ಹಿಂದಿನ ಕೋಣೆ ಕೈತಪ್ಪಿತು, ಅಲ್ಲೀಗ ಮುರಿದ ಕುರ್ಚಿಗಳನ್ನು ಪೇರಿಸಿದ್ದಾರೆ. "ನಾವೇ ಕೂತು ಮುರಿದಿದ್ದು ಬಿಡಿ" ಎಂದು ನಮ್ಮ ದರ್ಜಿ ಚೆ ಸೈತಿ ನಕ್ಕ. ಈಗ ಅಬಿಟಿ ಜಫಾಲಿ ಸಿಹಿ ಹಿಟ್ಟಿನ ಮಂದಾಸಿ ಕರಿದು ಮಾರುತ್ತಾಳಲ್ಲ, ಆ ಅಂಗಡಿಯ ಹಿಂದೆ, ಮಾವಿನ ಮರದ ಕೆಳಗೆ ಸೇರುತ್ತೇವೆ. ಒಬ್ಬರು ಪದ್ಯ ಓದುತ್ತಿದ್ದರೆ ಪಕ್ಕದಲ್ಲಿ ಬಾಣಲೆ ಚುರುಗುಟ್ಟುತ್ತಿರುತ್ತದೆ. ಸೈತಿ ತನ್ನ ತಾತನ ಸಿಂಹದ ಬೇಟೆಯ ಕಥೆಯನ್ನು ಇನ್ನೂ ಬರೆದು ಮುಗಿಸಿಲ್ಲ. ಹೋದ ತಿಂಗಳು ಅಬಿಟಿ ತಾಳ್ಮೆಗೆಟ್ಟು, "ಸಿಂಹಕ್ಕೂ ವಯಸ್ಸಾಯ್ತು ಕಣಯ್ಯಾ, ನೀನು ಕೊಲ್ಲದಿದ್ರೆ ಅದೇ ಸಾಯ್ತದೆ ಬಿಡು" ಎಂದಳು.

ಜೂನ್ ತಿಂಗಳಲ್ಲಿ ತಮಂದಾನಿ ಎಂಬ ಶಾಲೆಯ ಮೇಡಂ ಹೊಸದಾಗಿ ಬಂದಳು. ಹೊಸಬರು ತಾವೇಕೆ ಬರೆಯುತ್ತೇವೆಂದು ಹೇಳಬೇಕೆಂಬ ನಿಯಮ ಮಾಡಿದವಳು ನೀನೇ ತಾನೆ? ಅವಳನ್ನು ಕೇಳಿದೆವು. ಹುಡುಗಿ ಗಟ್ಟಿಗಿತ್ತಿ. "ಹೇಳ್ತೀನಿ, ಆದ್ರೆ ಮೊದ್ಲು ನೀವೆಲ್ಲ ಹೇಳಿ. ನೀವು ಹಳಬ್ರು, ನಿಮ್ಗೆ ಮರೆತೇ ಹೋಗಿರ್ಬೋದು" ಎಂದಳು.

ಸೈತಿ ಹೇಳಿದ: "ದಿನವಿಡೀ ಬೇರೆಯವ್ರ ಅಳತೆಗೆ ಹೊಲೀತೀನಿ ತಾಯಿ. ಇದೊಂದು ನನ್ನ ಅಳತೆಗೆ."

ಅಬಿಟಿ ಜಾಲರಿ ಸೌಟು ಹಿಡಿದುಕೊಂಡೇ ಹೇಳಿದಳು: "ಮನೇಲಿ ನಾನೊಂದು ಮಾತು ಶುರು ಮಾಡಿದ್ರೆ ಮುಗಿಸೋದು ಇನ್ಯಾರೋ. ಕಾಗದ ಮಧ್ಯೆ ಬಾಯಿ ಹಾಕಲ್ಲ."

ನನ್ನ ಉತ್ತರ ನಿನಗೆ ಗೊತ್ತು. ಆಸ್ಪತ್ರೆಯಲ್ಲಿ ನರ್ಸಾಗಿದ್ದಷ್ಟು ವರ್ಷವೂ ಜನರ ಜ್ವರ ಬರೆದೆ, ನಾಡಿ ಬರೆದೆ, ಅವರು ಹೇಳಿಕೊಂಡದ್ದನ್ನು ಮಾತ್ರ ಬರೆಯಲು ಜಾಗವಿರಲಿಲ್ಲ. ಈಗ ಅದನ್ನು ಬರೆಯುತ್ತಿದ್ದೇನೆ.

ಆಮೇಲೆ ಲುಸುಂಗುವಿನ ಸರದಿ ಬಂತು.

ಕಾಗದ ಹರಿಯಬೇಡ ವೆರೋನಿಕಾ. ಪೂರ್ತಿ ಓದು. ನಿನ್ನ ಸಿಟ್ಟು ನನಗೆ ಗೊತ್ತು. ಅವನ ಕಥೆ ರೇಡಿಯೊದಲ್ಲಿ ಬಂದಾಗ ನೀನು ಮಿನಿಬಸ್ಸಿನಲ್ಲಿದ್ದೆ. ಚಿಲ್ವಾ ಸರೋವರದಲ್ಲಿ ಗಾಳಿಗೆ ದೋಣಿ ಮಗುಚುತ್ತದೆ, ಒಣಮೀನು ತರಲು ಹೋದ ಇಬ್ಬರು ಗೆಳೆಯರು ಒಂದು ಖಾಲಿ ಡ್ರಮ್ಮಿಗೆ ಜೋತುಬೀಳುತ್ತಾರೆ, ಕೊನೆಗೆ ಒಬ್ಬ "ನೀನಾದ್ರೂ ಬದುಕು" ಎಂದು ತಾನಾಗಿಯೇ ಕೈ ಬಿಡುತ್ತಾನೆ. ಹೆಸರು ಬದಲಾಯಿಸಿದ್ದ. ಆದರೂ ಅದು ನಿನ್ನ ಮಗ ಮದಲಿತ್ಸೊನ ಸಾವೇ ಎಂದು ನಮಗೆಲ್ಲ ಗೊತ್ತಾಯಿತು. ನೀನು ಅರ್ಧ ದಾರಿಯಲ್ಲೇ ಇಳಿದು, ಬಿಸಿಲಲ್ಲಿ ನಡೆದು ಮನೆ ಸೇರಿದೆ. ಮತ್ತೆ ಕೂಟಕ್ಕೆ ಬರಲಿಲ್ಲ. ತಂಗಿಯ ಊರಿಗೇ ಹೊರಟುಹೋದೆ.

ಅಲ್ಲಿಂದ ನೀನು ಕೂಟಕ್ಕೆ ಬರೆದ ಕಾಗದವನ್ನು ಎಲ್ಲರೆದುರು ಓದಿದವಳು ನಾನು. "ನನ್ನ ಕೈಯಿಂದ ಕಡಲೆಕಾಯಿ ತಿಂದ, ನನ್ನ ದುಃಖ ಕೇಳಿದ, ಅದನ್ನೇ ಮಾರಿಕೊಂಡ. ಮಾರಿದ್ದರಲ್ಲೂ ಸುಳ್ಳು ಬೆರೆಸಿದ. ನನ್ನ ಮಗ ಕೈ ಬಿಡುವವನಲ್ಲ. ಚಿಕ್ಕವನಿದ್ದಾಗ ಮಾರುಕಟ್ಟೆಯಲ್ಲಿ ನನ್ನ ಸೊಂಟದ ಬಟ್ಟೆ ಹಿಡಿದರೆ, ಒಂದೊಂದೇ ಬೆರಳು ಬಿಡಿಸಬೇಕಿತ್ತು" ಎಂದು ಬರೆದಿದ್ದೆ. ಲುಸುಂಗು ತಲೆ ತಗ್ಗಿಸಿ ಕೇಳಿದ. ಮುಂದಿನ ಶನಿವಾರವೂ ತನ್ನ ಕ್ಷೌರದಂಗಡಿ ಮುಚ್ಚಿ ಎಂದಿನಂತೆ ಬಂದು ಕೂತ. ಎಂಥ ದಪ್ಪ ಚರ್ಮದವನು ಎಂದುಕೊಂಡೆವು.

ಕೂಟಕ್ಕೆ ಸೇರಿದ ದಿನ ಏನೋ ಹೇಳಿ ತಪ್ಪಿಸಿಕೊಂಡಿದ್ದವನು, ಈ ಸಲ ತನ್ನ ಸರದಿ ಬಂದಾಗ, "ನಾನೂ ಹೇಳ್ಬೇಕಾ?" ಎಂದ.

"ಹೇಳಯ್ಯಾ, ನಿನಗೇನು ಮದುವೆ ಕಾರ್ಡು ಕೊಟ್ಟು ಕರೀಬೇಕಾ?" ಎಂದಳು ಅಬಿಟಿ.

"ನಾನು ಇಲ್ಲಿಗೆ ಬರೆಯೋಕೆ ಅಂತ ಬಂದವನಲ್ಲ" ಎಂದ. "ವೆರೋನಿಕಮ್ಮನಿಗೆ ಒಂದು ಮಾತು ಹೇಳೋಕೆ ಬಂದಿದ್ದೆ. ಆ ದೋಣೀಲಿ ನಾನಿದ್ದೆ."

ವೆರೋನಿಕಾ, ದೋಣಿಯಲ್ಲಿ ಇನ್ನೊಬ್ಬ ಹುಡುಗನಿದ್ದ, ಅವನೇನಾದನೋ ತಿಳಿಯದು ಎಂದು ಆಗ ಬೆಸ್ತರು ಹೇಳಿದ್ದರಲ್ಲ, ಅವನೇ ಇವನು. ಆಚೆ ದಡದವರು ಎತ್ತಿಕೊಂಡು ಉಳಿಸಿದರಂತೆ. ಮದಲಿತ್ಸೊನ ಮಣ್ಣಿಗೆ ಬರುವ ಧೈರ್ಯವಾಗಲಿಲ್ಲವಂತೆ. ಬಹಳ ದಿನಗಳಾದ ಮೇಲೆ ನೀನು ಈ ಕೂಟಕ್ಕೆ ಬರುತ್ತೀಯೆಂದು ತಿಳಿದು ಬಂದ.

"ಮೊದಲ್ನೇ ದಿನಾನೇ ಅಮ್ಮ ನನ್ನ ಕೈ ಹಿಡಿದು, 'ಬಾಪ್ಪಾ, ಎಷ್ಟು ಸೊರಗಿದೀಯಾ' ಅಂತ ಕಡಲೆಕಾಯಿ ಕೊಟ್ರು. ಆಮೇಲೆ ಹೆಂಗೆ ಹೇಳೋದು? ಮುಂದಿನ ಶನಿವಾರ ಹೇಳೋಣ ಅಂದ್ಕೊಂಡೆ. ಆ ಶನಿವಾರಾನೂ ಕಡಲೆಕಾಯಿ. ಇಲ್ಲಿ ಸುಮ್ನೆ ಕೂರೋ ಹಾಗಿಲ್ವಲ್ಲ, ಏನಾದ್ರೂ ಓದ್ಬೇಕಿತ್ತು. ಅದಕ್ಕೆ ಬರೆದೆ. ಬರೆದಿದ್ದು ಅದೇ ಆಗೋಯ್ತು."

ಸೈತಿ ಮೆಲ್ಲಗೆ ಕೇಳಿದ: "ಹಂಗಾದ್ರೆ ಕಥೇಲಿ ಇರೋದು ನಿಜಾನಾ?"

"ಅಲ್ಲ. ಅಮ್ಮ ಬರೆದಿದ್ದೇ ಸರಿ. ಅವನು ಬಿಡ್ಲಿಲ್ಲ. ನನ್ನದೊಂದು ಕೈ ಡ್ರಮ್ಮಿನ ಮೇಲಿತ್ತು, ಇನ್ನೊಂದರಲ್ಲಿ ಅವನನ್ನ ಹಿಡಿದಿದ್ದೆ. ನೀರು ತಣ್ಣಗೆ ಕೊರೀತಿತ್ತು. ಬರ್ತಾ ಬರ್ತಾ ನನ್ನ ಬೆರಳು ನಂದಲ್ಲ ಅನ್ನೋ ಹಾಗಾಯ್ತು. ಅವನ ಬೆರಳು ಮಾತ್ರ ಬಿಗಿಯಾಗೇ ಇದ್ವು. ಬಿಟ್ಟಿದ್ದು ನನ್ನ ಕೈ."

"ಮತ್ತೆ ಯಾಕೆ ಅವರೇ ಬಿಟ್ರು ಅಂತ ಬರೆದ್ರಿ?" ಎಂದಳು ತಮಂದಾನಿ. ಅವಳಿಗೇನು ಗೊತ್ತು ಪಾಪ, ಕೇಳಿಬಿಟ್ಟಳು.

"ಹಾಗೆ ಬರೆದ್ರೆ ಅವನು ದೊಡ್ಡವನಾಗ್ತಾನೆ, ನಾನು ಬದುಕ್ಕೋಬಹುದು ಅನ್ನಿಸ್ತು. ಆಗ್ಲಿಲ್ಲ. ಪ್ರತಿ ಸಲ ಬರೆಯೋಕೆ ಕೂತಾಗ, ಈ ಸಲ ಬಿಡಲ್ಲ ಅಂದ್ಕೋತೀನಿ. ಕೊನೇ ಪುಟಕ್ಕೆ ಬರೋ ಹೊತ್ತಿಗೆ ಕೈ ಜಾರುತ್ತೆ. ಅದಕ್ಕೇ ಮತ್ತೆ ಬರೀತೀನಿ."

ಬಾಣಲೆಯಲ್ಲಿದ್ದ ಮಂದಾಸಿ ಕರಕಲಾಯಿತು. ಅಬಿಟಿ ಏಳಲಿಲ್ಲ. ನಾನು ಅವನ ಪಕ್ಕ ಹೋಗಿ ಕೂತೆ. ಅಷ್ಟು ಹೊತ್ತು ತಣ್ಣೀರಿನಲ್ಲಿದ್ದರೆ ಯಾರ ಕೈಯಾದರೂ ಸೋಲುತ್ತದೆ, ಅದು ಬಿಟ್ಟದ್ದಲ್ಲ, ಸೋತದ್ದು, ಎಂದು ನರ್ಸಾಗಿದ್ದವಳು ಹೇಳಬೇಕಾದ ಹಾಗೆ ಹೇಳಿದೆ.

"ಗೊತ್ತಮ್ಮಾ. ಆದ್ರೆ ಅದನ್ನ ವೆರೋನಿಕಮ್ಮ ಹೇಳ್ಬೇಕು."

ಅವತ್ತೇ ನಿನಗೆ ಬರೆಯುತ್ತೇನೆಂದೆ. "ಬೇಡಿ, ನಾನೇ ಹೋಗಿ ಹೇಳ್ತೀನಿ, ಸ್ವಲ್ಪ ತಡೀರಿ" ಎಂದ. ಅವನ ಮಾತು ಅವನೇ ಹೇಳಲಿ ಎಂದು ತಡೆದೆ. ಕೆಲವು ವಾರ ಅವನು ಬರಲಿಲ್ಲ, ನಿನ್ನ ಹತ್ತಿರವೇ ಬಂದಿರಬೇಕೆಂದು ನಾವು ಒಳಗೊಳಗೇ ಹಿಗ್ಗಿದೆವು. ಕೊನೆಗೆ ತಮಂದಾನಿ ಅಂಗಡಿಗೆ ಹೋಗಿ ನೋಡಿದರೆ ಬೇರೆ ಯಾರೋ ಕತ್ತರಿ ಹಿಡಿದು ನಿಂತಿದ್ದನಂತೆ. ಲುಸುಂಗು ಲಾರಿ ಹತ್ತಿ ಮೊಜಾಂಬಿಕಿನ ಬೇಯ್ರಾ ಕಡೆ ಕೆಲಸ ಹುಡುಕಿಕೊಂಡು ಹೋದ ಎಂದನಂತೆ. ಅವನ ಫೋನು ಹತ್ತುತ್ತಿಲ್ಲ. ಅಲ್ಲಿ ಅವನಿಗೆ ಯಾರಿದ್ದಾರೋ ನಮಗೆ ತಿಳಿಯದು.

ನಿನ್ನ ಕಾಗದ ಕಠೋರವಾಗಿತ್ತು ಎನ್ನುವುದಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಬರೆಯುತ್ತಿದ್ದೆ. ಆದರೆ ಅದನ್ನು ಓದುವಾಗ ನಾನು ದನಿ ಏರಿಸಿ, ಅವನಿಗೆ ನಾಟಲಿ ಎಂದು ಮಾತು ಮಾತಿಗೂ ತಡೆದು ಓದಿದ್ದೆ. ಈಗ ಆ ದನಿ ನನ್ನ ಕಿವಿಯಿಂದ ಹೋಗುತ್ತಿಲ್ಲ. ಎಂದಾದರೂ ಅವನು ನಿನಗೆ ಫೋನು ಮಾಡಿದರೆ ಎತ್ತು. ಏನೂ ಹೇಳಲಾಗದಿದ್ದರೆ ಊಟವಾಯಿತೇ ಎಂದು ಕೇಳು, ಅಷ್ಟೇ ಸಾಕು. ಒಂದು ಮಾತ್ರ ನೀನು ಇಟ್ಟುಕೊಳ್ಳಬಹುದು: ನಿನ್ನ ಮಗ ನಿನಗೆ ಗೊತ್ತಿದ್ದ ಹಾಗೆಯೇ ಇದ್ದ, ಕೊನೆಯವರೆಗೂ.

ದೇವರು ನಿನ್ನ ಉಸಿರನ್ನು ಹಗುರ ಮಾಡಲಿ, ನಿನ್ನ ತಂಗಿಯ ಮನೆಯಲ್ಲಿ ಹಿಟ್ಟು ತೀರದಿರಲಿ. ಸೈತಿ, ಅಬಿಟಿ ಇಬ್ಬರೂ ನಿನ್ನನ್ನು ಕೇಳಿದೆವೆಂದು ಬರೆಯಲು ಹೇಳಿದ್ದಾರೆ.

ನಿನ್ನ
ಎಸ್ತೆರೆ

ಮತ್ತೊಂದು ಮಾತು: ಇದನ್ನು ಬರೆಯಬಾರದೆಂದೇ ಸಹಿ ಹಾಕಿದ್ದೆ, ಆದರೆ ಮನಸ್ಸು ಕೇಳುತ್ತಿಲ್ಲ. ಆ ಶನಿವಾರ ನನ್ನನ್ನು ರಸ್ತೆಯ ತಿರುವಿನವರೆಗೆ ಬಿಡಲು ಬಂದಾಗ ಲುಸುಂಗು ಹೇಳಿದ, ಈಸ್ಟರ್‌ನಲ್ಲಿ ಅವನು ಮ್ಜೂಜುವಿಗೆ ಬಂದಿದ್ದನಂತೆ. ನಿನ್ನ ತಂಗಿಯ ಮನೆ ಹುಡುಕಿ ಬಾಗಿಲಿಗೆ ಬಂದು ಒಂದು ಸಲ ತಟ್ಟಿದನಂತೆ, ನಿನಗೆ ಕೇಳಿಸಲಿಲ್ಲ. ಒಳಗೆ ನೀನು ಏನೋ ಕುಟ್ಟುತ್ತಾ ಹಾಡಿಕೊಳ್ಳುತ್ತಿದ್ದೆಯಂತೆ. ಮದಲಿತ್ಸೊ ಹೋದ ಮೇಲೆ ನೀನು ಹಾಡಿದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ, ಅವನೂ ಕೇಳಿರಲಿಲ್ಲ. "ಆ ಹಾಡು ನಿಲ್ಲಿಸೋಕೆ ನಂಗೆ ಮನಸ್ಸು ಬರ್ಲಿಲ್ಲ ಅಮ್ಮಾ" ಎಂದ. ಅದು ಮುಗಿಯುವವರೆಗೂ ಹೊರಗೆ ನಿಂತು ಕೇಳಿ, ಬಸ್ಸು ಹಿಡಿದು ವಾಪಸ್ಸು ಬಂದನಂತೆ.